ಲಂಡನ್ ಸೇತುವೆಗಳು: ಅಮ್ಮನ ಜೊತೆ ಒಂದೇ ದಿನ, ಎಲ್ಲಿಂದ ಶುರು ಮಾಡಲಿ?

ತುಂಗೆದಂಡೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಲಂಡನ್‌ಗೆ ಹೊರಟಿದ್ದೇನೆ. ತಮ್ಮ ಅಲ್ಲೇ ಇದ್ದಾನೆ, ಆದರೆ ವಾರದ ದಿನ ಅವನಿಗೆ ರಜೆ ಸಿಗಲ್ಲ. ಹಾಗಾಗಿ ಒಂದು ದಿನ ನಾನೂ ಅಮ್ಮನೂ ಇಬ್ಬರೇ ಸುತ್ತಬೇಕು.

ಅಮ್ಮನಿಗೆ 68. ಮಂಡಿ ನೋವಿದೆ. ಅಂಗಡಿ ಬೀದಿಯಲ್ಲಿ ಹತ್ತು ಹೆಜ್ಜೆ ಹಾಕಿದರೆ ಸುಸ್ತು ಅಂತಾರೆ, ಹೊಳೆ ದಂಡೆ ಅಂದರೆ ಮೈಲಿಗಟ್ಟಲೆ ನಡೆಯುತ್ತಾರೆ. ಅರಮನೆ ಬೇಡವಂತೆ, ಮ್ಯೂಸಿಯಂ ಬೇಡವಂತೆ. "ಆ ಮೇಲಕ್ಕೆ ಏಳೋ ಸೇತುವೆ ತೋರಿಸು, ಸಾಕು" ಅಂದುಬಿಟ್ಟಿದ್ದಾರೆ. ಅದಕ್ಕೆ ಅರ್ಧ ಗಂಟೆ ಸಾಕಲ್ವಾ? ಉಳಿದ ದಿನ ಏನು ಮಾಡೋದು? ಥೇಮ್ಸ್ ಮೇಲೆ ಇನ್ನೂ ನೋಡುವಂಥ ಸೇತುವೆಗಳಿದ್ದರೆ ಹೇಳಿ. ಸುಮ್ನೆ "ಎಲ್ಲಾ ಚೆನ್ನಾಗಿವೆ" ಅನ್ನಬೇಡಿ, ಯಾಕೆ ಅಂತಲೂ ಹೇಳಿ.

ಲಂಡನ್ನಿನ ಹಳಬ

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಅಮ್ಮ ಕೇಳುತ್ತಿರುವುದು ಟವರ್ ಬ್ರಿಡ್ಜ್. ಲಂಡನ್ ಬ್ರಿಡ್ಜ್ ಬೇರೆ, ಹೊಳೆ ಹರಿದುಬರುವ ಕಡೆಗೆ ಅದಕ್ಕಿಂತ ಸ್ವಲ್ಪ ಮೇಲಕ್ಕಿದೆ. ನಾವೆಲ್ಲ ಎಲ್‌ಕೆಜಿಯಲ್ಲಿ ಕೈ ಕೈ ಹಿಡಿದು ಬೀಳಿಸಿದ ಸೇತುವೆ ಅದು. "ಲಂಡನ್ ಬ್ರಿಡ್ಜ್" ಸ್ಟೇಷನ್ನಿನಲ್ಲಿ ಇಳಿದು, ಸಪ್ಪೆ ಕಾಂಕ್ರೀಟು ರಸ್ತೆ ನೋಡಿ "ಇದೇನಾ?" ಅಂದವರಿಗೆ ದಾರಿ ತೋರಿಸಿ ತೋರಿಸಿ ನನಗೆ ಸಾಕಾಗಿದೆ.

ಇನ್ನೊಂದು ವಿಷಯ. ಟವರ್ ಬ್ರಿಡ್ಜ್ ಯಾವಾಗಲೂ ಎದ್ದೇ ಇರಲ್ಲ. ವರ್ಷಕ್ಕೆ ಸುಮಾರು 800 ಸಲ ಏಳುತ್ತದೆ. ದಿನಕ್ಕೆ ಎರಡು ಸಲ ಅಂತ ಲೆಕ್ಕ ಬಂದರೂ ಬೇಸಿಗೆಯಲ್ಲಿ ಜಾಸ್ತಿ, ಚಳಿಗಾಲದಲ್ಲಿ ಕಡಿಮೆ. ಯಾವ ದಿನ ಎಷ್ಟು ಗಂಟೆಗೆ ಅಂತ ಸೇತುವೆಯ ವೆಬ್‌ಸೈಟಿನಲ್ಲಿ ಮೊದಲೇ ಹಾಕಿರುತ್ತಾರೆ. ಅದನ್ನು ನೋಡಿಕೊಂಡು ದಿನದ ಪ್ಲಾನ್ ಮಾಡಿ. ಇಲ್ಲದಿದ್ದರೆ ಅಮ್ಮ ಮುಚ್ಚಿದ ಸೇತುವೆ ನೋಡಿ ಬೈಯುತ್ತಾರೆ.

ಮತ್ತೆ, ಬರೆಯುವುದು ಥೇಮ್ಸ್, ಇಲ್ಲಿನವರು ಅನ್ನುವುದು ಟೆಮ್ಸ್. ಬಸ್ಸಿನಲ್ಲಿ ಕೇಳುವಾಗ ನೆನಪಿರಲಿ.

ಸಿಮೆಂಟು ಮೂಟೆ

ಟವರ್ ಬ್ರಿಡ್ಜಿಗೆ ಅರ್ಧ ಗಂಟೆ ಅಂದ್ರಾ? ಅನ್ಯಾಯ.

ಅಮ್ಮನಿಗೆ ಹೀಗೆ ಹೇಳಿ: ಅದು ಏತ. ನೀರೆತ್ತುವ ಏತದಲ್ಲಿ ಒಂದು ಕಡೆ ಭಾರ ಕಟ್ಟಿರುತ್ತಾರಲ್ಲ, ಅದೇ ಲೆಕ್ಕ. ರಸ್ತೆಯ ಒಂದೊಂದು ರೆಕ್ಕೆಯೂ ಸಾವಿರ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಆದರೆ ರೆಕ್ಕೆಯ ಹಿಂಬದಿಗೆ ನೂರಾರು ಟನ್ ಎದುರುಭಾರ ಕಟ್ಟಿ ತಕ್ಕಡಿ ಹಾಗೆ ಸರಿದೂಗಿಸಿದ್ದಾರೆ. ರೆಕ್ಕೆ ಮೇಲೆದ್ದಾಗ ಆ ಭಾರ ಕಂಬದ ಹೊಟ್ಟೆಯೊಳಗಿನ ದೊಡ್ಡ ಗುಹೆಯಂಥ ಕೋಣೆಗೆ ಇಳಿಯುತ್ತದೆ. ಆ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗಿದೆ. ಹಾಗಾಗಿ ಎತ್ತಲು ಬೇಕಾಗುವ ಶಕ್ತಿ ನಾವು ಅಂದುಕೊಂಡಷ್ಟಲ್ಲ. ರೆಕ್ಕೆಗಳು ಹೆಚ್ಚೆಂದರೆ 86 ಡಿಗ್ರಿವರೆಗೆ ಏಳುತ್ತವೆ. ಹೆಚ್ಚು ಕಡಿಮೆ ನೆಟ್ಟಗೆ.

1894ರಲ್ಲಿ ತೆರೆದಾಗ ಕರೆಂಟ್ ಇರಲಿಲ್ಲ, ಹಬೆ ಇತ್ತು. ಹಬೆ ಎಂಜಿನ್ನು ನೇರವಾಗಿ ಸೇತುವೆ ಎತ್ತುತ್ತಿರಲಿಲ್ಲ. ಅದು ಸಾವಕಾಶವಾಗಿ ನೀರನ್ನು ಒತ್ತಿ, ಆ ಒತ್ತಡದಿಂದ ಭಾರೀ ತೂಕಗಳನ್ನು ಮೇಲಕ್ಕೆತ್ತಿ ಇಟ್ಟಿರುತ್ತಿತ್ತು. ಹಡಗು ಬಂದಾಗ ಬಿಟ್ಟರೆ ಆಯಿತು. ನಮ್ಮ ಮನೆ ಓವರ್‌ಹೆಡ್ ಟ್ಯಾಂಕ್ ಇದ್ದ ಹಾಗೆ. ಮೋಟಾರ್ ನಿಧಾನಕ್ಕೆ ತುಂಬಿಸುತ್ತದೆ, ನಲ್ಲಿ ತಿರುಗಿಸಿದರೆ ನೀರು ಜೋರಾಗಿ ಬರುತ್ತದೆ. 1970ರ ದಶಕದಲ್ಲಿ ಎಣ್ಣೆ ಮತ್ತು ಕರೆಂಟಿಗೆ ಬದಲಾಯಿಸಿದರು. ಹಳೇ ಎಂಜಿನ್ನುಗಳನ್ನು ಹಾಗೇ ಇಟ್ಟಿದ್ದಾರೆ, ಟಿಕೆಟ್ ತಗೊಂಡು ನೋಡಬಹುದು. ಅದೇ ಟಿಕೆಟ್ಟಿನಲ್ಲಿ ಎರಡು ಗೋಪುರಗಳನ್ನು ಜೋಡಿಸುವ ಮೇಲಿನ ಓಣಿಗೂ ಹೋಗಬಹುದು. ನದಿಯಿಂದ 42 ಮೀಟರ್ ಎತ್ತರ, 2014ರಿಂದ ಗಾಜಿನ ನೆಲ. ಅಮ್ಮನಿಗೆ ಎದೆ ಗಟ್ಟಿ ಇದೆಯಾ?

ಪೇಡೆ ಪ್ರಿಯ

ಒಂದು ಮಾತು ಹೇಳ್ತೀನಿ, ಯಾರೂ ಸಿಟ್ಟಾಗಬ್ಯಾಡ್ರಿ. ಟವರ್ ಬ್ರಿಡ್ಜ್ ಮೋಸ. ಆ ಗೋಪುರ ನೋಡಿದರೆ ಐನೂರು ವರ್ಷದ ಕೋಟೆ ಅನಿಸುತ್ತದೆ. ಒಳಗೆ ಬರೀ ಉಕ್ಕು, 11,000 ಟನ್. ಮೇಲೆ ಕಾರ್ನ್‌ವಾಲ್ ಗ್ರಾನೈಟು, ಪೋರ್ಟ್‌ಲ್ಯಾಂಡ್ ಕಲ್ಲು ಮೆತ್ತಿದ್ದಾರೆ ಅಷ್ಟೇ. ಪಕ್ಕದ ಟವರ್ ಕೋಟೆಗೆ ಹೊಂದಲಿ ಅಂತ ವೇಷ ಹಾಕಿಸಿದ್ದು. ಮುಖವಾಡದ ಸೇತುವೆ ರೀ ಅದು.

ಸಿಮೆಂಟು ಮೂಟೆ

@ಪೇಡೆ ಪ್ರಿಯ, ವೇಷ ಹೌದು, ಮೋಸ ಅಲ್ಲ. ಕಲ್ಲು ತೆಗೆದರೂ ಸೇತುವೆ ನಿಲ್ಲುತ್ತದೆ ಅನ್ನುವುದೇ ಅದರ ಹೆಚ್ಚುಗಾರಿಕೆ. ಆ ಕಾಲದ ಟೀಕಾಕಾರರೂ ನಿಮ್ಮ ಹಾಗೇ ಬೈದಿದ್ದರು. ಎಂಜಿನಿಯರ್ ಜಾನ್ ವುಲ್ಫ್ ಬ್ಯಾರಿ, ವಾಸ್ತುಶಿಲ್ಪಿ ಹೊರೇಸ್ ಜೋನ್ಸ್. ಪಾಪ, ಜೋನ್ಸ್ 1887ರಲ್ಲೇ ತೀರಿಕೊಂಡರು. ಕೆಲಸ ಶುರುವಾಗಿ ಒಂದೇ ವರ್ಷ ಆಗಿತ್ತು.

ಪೇಡೆ ಪ್ರಿಯ

ಆದ್ರೂ.

ಲಂಡನ್ನಿನ ಹಳಬ

ಅದರ ಮೇಲೆ ನಡೆದ ಕಥೆಗಳನ್ನು ಯಾರೂ ಹೇಳಲಿಲ್ಲವಲ್ಲ!

1952ರ ಡಿಸೆಂಬರ್. 78ನೇ ನಂಬರ್ ಡಬಲ್ ಡೆಕ್ಕರ್ ಬಸ್ಸು ಸೇತುವೆ ಮೇಲಿತ್ತು. ಡ್ರೈವರ್ ಆಲ್ಬರ್ಟ್ ಗಂಟರ್. ಎದುರಿಗೆ ರಸ್ತೆ ಇಳಿಯುತ್ತಿರುವ ಹಾಗೆ ಅವರಿಗೆ ಕಂಡಿತು. ಇಳಿಯುತ್ತಿದ್ದದ್ದು ರಸ್ತೆ ಅಲ್ಲ, ಇವರಿದ್ದ ರೆಕ್ಕೆ ಏಳುತ್ತಿತ್ತು. ಬ್ರೇಕ್ ಹಾಕಿದರೆ ನೀರಿಗೆ. ಹಾಗಾಗಿ ಆಕ್ಸಿಲರೇಟರ್ ಒತ್ತಿ ಬಸ್ಸನ್ನೇ ಆಚೆ ಹಾರಿಸಿಬಿಟ್ಟರು. ಆಚೆ ರೆಕ್ಕೆ ಇನ್ನೂ ಎದ್ದಿರಲಿಲ್ಲ, ಬಚಾವು. ಬಹುಮಾನ 10 ಪೌಂಡ್.

1968ರಲ್ಲಿ ವಾಯುಪಡೆಯ ಪೈಲಟ್ ಅಲನ್ ಪೊಲಾಕ್ ಮೇಲಿನ ಓಣಿಗೂ ರಸ್ತೆಗೂ ನಡುವೆ ಜೆಟ್ ವಿಮಾನವನ್ನೇ ತೂರಿಸಿದರು. ಯಾರ ಅನುಮತಿಯೂ ಇರಲಿಲ್ಲ. ಅವರಿಗೆ ಬಹುಮಾನವೂ ಇಲ್ಲ, ಕೆಲಸವೂ ಹೋಯಿತು.

1997ರದ್ದು ನನಗೆ ಇಷ್ಟ. ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರ ಕಾರುಗಳ ಸಾಲು ದಾಟುತ್ತಿತ್ತು. ಮೊದಲೇ ಹೇಳಿಟ್ಟಿದ್ದ ಹೊತ್ತಿಗೆ ಗ್ಲಾಡಿಸ್ ಅನ್ನೋ ಹಾಯಿದೋಣಿ ಬಂತು. ಸೇತುವೆ ಎದ್ದೇಬಿಟ್ಟಿತು. ಅರ್ಧ ಕಾರು ಆಚೆ, ಅರ್ಧ ಈಚೆ. ಇಲ್ಲಿ ನೀರಿನ ಮೇಲೆ ಬರುವವರಿಗೆ ಮೊದಲ ಹಕ್ಕು. 9 ಮೀಟರಿಗಿಂತ ಎತ್ತರದ ಹಾಯಿಕಂಬ ಇದ್ದು, 24 ಗಂಟೆ ಮೊದಲೇ ತಿಳಿಸಿದರೆ ಯಾವ ದೋಣಿಗಾದರೂ ಪುಕ್ಕಟೆ ಎತ್ತುತ್ತಾರೆ.

ತುಂಗೆದಂಡೆ

ಬಸ್ಸಿನ ಕಥೆ ಅಮ್ಮನಿಗೆ ಓದಿ ಹೇಳಿದೆ. "ಬರೀ ಹತ್ತು ಪೌಂಡಾ?" ಅಂದರು. ಆಮೇಲೆ "ಒಳಗಿದ್ದವರಿಗೆ ಏನೂ ಆಗಲಿಲ್ಲ ತಾನೇ?" ಅಂತ ಮೂರು ಸಲ ಕೇಳಿದರು. ಸಣ್ಣಪುಟ್ಟ ಪೆಟ್ಟು ಬಿಟ್ಟರೆ ಯಾರಿಗೂ ಏನೂ ಆಗಿಲ್ಲ ಅಂದ ಮೇಲೆ ಸಮಾಧಾನ.

ಇತಿಹಾಸದ ಮೇಷ್ಟ್ರು

ಲಂಡನ್ ಬ್ರಿಡ್ಜನ್ನು ಸಪ್ಪೆ ಅಂದು ಕೈತೊಳೆದುಕೊಳ್ಳಬೇಡಿ. ಕಣ್ಣಿಗೆ ಸಪ್ಪೆ, ಕಥೆಗೆ ಅದರಷ್ಟು ಖಾರ ಯಾವುದೂ ಇಲ್ಲ.

ಅಲ್ಲಿ ಕಲ್ಲಿನ ಸೇತುವೆ ಶುರುವಾದದ್ದು 1176ರಲ್ಲಿ, ಮುಗಿದದ್ದು 1209ರಲ್ಲಿ. ಕಟ್ಟಿಸಿದ ಪಾದ್ರಿ ಪೀಟರ್ ಮುಗಿಯುವ ಮೊದಲೇ ತೀರಿಕೊಂಡರು. ಆ ಸೇತುವೆ ಆರು ನೂರು ವರ್ಷ ನಿಂತಿತ್ತು. ಅದರ ಮೇಲೆ ಅಂಗಡಿ, ಮನೆ, ನಡುವೆ ಒಂದು ಪ್ರಾರ್ಥನಾ ಮಂದಿರ. ರಾಜದ್ರೋಹಿಗಳ ತಲೆ ಕಡಿದು ಅದರ ಬಾಗಿಲ ಮೇಲೆ ಚುಚ್ಚಿಡುತ್ತಿದ್ದರು. ಕಂಬಗಳು ಎಷ್ಟು ದಪ್ಪ, ಎಷ್ಟು ಹತ್ತಿರ ಅಂದರೆ ಸೇತುವೆ ಅರ್ಧ ಅಣೆಕಟ್ಟೇ ಆಗಿತ್ತು. ಕಡಲಿನ ಇಳಿತದ ಹೊತ್ತಿನಲ್ಲಿ ಮೇಲಿನ ನೀರಿಗೂ ಕೆಳಗಿನ ನೀರಿಗೂ ಆಳೆತ್ತರದ ವ್ಯತ್ಯಾಸ. ಕಮಾನಿನಡಿ ದೋಣಿ ನುಗ್ಗಿಸುವುದು ಪ್ರಾಣದ ಜೊತೆ ಆಟ. ಎಷ್ಟೋ ಜನ ಮೊದಲೇ ಇಳಿದು, ದಂಡೆ ಮೇಲೆ ನಡೆದು, ಸೇತುವೆ ದಾಟಿದ ಮೇಲೆ ಮತ್ತೆ ದೋಣಿ ಹತ್ತುತ್ತಿದ್ದರು. ನೀರು ನಿಧಾನವಾಗಿದ್ದರಿಂದ ಕಡು ಚಳಿಯಲ್ಲಿ ಮೇಲುಭಾಗ ಹೆಪ್ಪುಗಟ್ಟುತ್ತಿತ್ತು. ಹೊಳೆ ಮೇಲೆ ಜಾತ್ರೆ ನಡೆಯುತ್ತಿತ್ತು! ಕೊನೆಯ ಜಾತ್ರೆ 1814ರಲ್ಲಿ. ಹಳೇ ಸೇತುವೆ ತೆಗೆದ ಮೇಲೆ ಅಲ್ಲಿ ಹೊಳೆ ಹಾಗೆ ಹೆಪ್ಪುಗಟ್ಟಿಲ್ಲ.

ಹಣದ ವಿಷಯ ಕೇಳಿ. ಜನ ದಾನ ಕೊಡುವಾಗ "ದೇವರಿಗೂ ಸೇತುವೆಗೂ" ಅಂತ ಜಮೀನು, ಮನೆ ಬರೆದಿಡುತ್ತಿದ್ದರು. ನಮ್ಮಲ್ಲಿ ದೇವಸ್ಥಾನಕ್ಕೆ ಇನಾಮು ಬಿಟ್ಟ ಹಾಗೆ. ಆ ಆಸ್ತಿ ಇವತ್ತಿಗೂ ಇದೆ. ಅದನ್ನು ನೋಡಿಕೊಳ್ಳುವ ಟ್ರಸ್ಟೇ ಟವರ್, ಲಂಡನ್, ಸದಕ್, ಬ್ಲ್ಯಾಕ್‌ಫ್ರಾಯರ್ಸ್, ಮಿಲೇನಿಯಂ ಐದೂ ಸೇತುವೆಗಳ ಖರ್ಚು ನಿಭಾಯಿಸುತ್ತದೆ. ಮಿಕ್ಕ ಹಣ ದಾನಧರ್ಮಕ್ಕೆ. ಎಂಟು ನೂರು ವರ್ಷದ ಇನಾಮು ಇನ್ನೂ ಬಾಡಿಗೆ ತರುತ್ತಿದೆ ಅಂದರೆ ಬರೆದಿಟ್ಟವರ ಕೈಗುಣ ದೊಡ್ಡದು.

ಸೇತುವೆಯ ಉತ್ತರ ತುದಿಯಲ್ಲಿ ಸೇಂಟ್ ಮ್ಯಾಗ್ನಸ್ ಚರ್ಚ್ ಇದೆ. ಒಳಗೆ ಹಳೇ ಸೇತುವೆಯ ದೊಡ್ಡ ಮಾದರಿ ಇದೆ. ಒಂದೊಂದು ಮನೆ, ಒಂದೊಂದು ಅಂಗಡಿ, ಸಣ್ಣ ಸಣ್ಣ ಜನ. ಅಂಗಳದಲ್ಲಿ ಹಳೇ ಕಲ್ಲುಗಳನ್ನೂ ಇಟ್ಟಿದ್ದಾರೆ. ಅಮ್ಮನಿಗೆ ಕೂರಲು ಬೆಂಚೂ ಸಿಗುತ್ತದೆ. ತಪ್ಪಿಸಬೇಡಿ.

ಅರಿಜೋನಾ ಅಕ್ಕಿರೊಟ್ಟಿ

ಲಂಡನ್ ಬ್ರಿಡ್ಜ್ ಅಮೆರಿಕದಲ್ಲಿ, ನಮ್ಮ ಅರಿಜೋನಾದಲ್ಲಿದೆ 😄 ನಿಜವಾಗಿಯೂ.

1831ರಲ್ಲಿ ಹೊಸ ಸೇತುವೆ ಬಂತಲ್ಲ, ಅದು ತನ್ನ ಭಾರಕ್ಕೇ ಕುಸಿಯತೊಡಗಿತ್ತು. ಪೂರ್ವದ ಬದಿ ಪಶ್ಚಿಮಕ್ಕಿಂತ ಮೂರು ನಾಲ್ಕು ಇಂಚು ಕೆಳಗೆ. 1968ರಲ್ಲಿ ಅದನ್ನು ಮಾರಿದರು. ರಾಬರ್ಟ್ ಮೆಕಲಕ್ ಅನ್ನೋ ಉದ್ಯಮಿ 24,60,000 ಡಾಲರ್ ಕೊಟ್ಟು ಕೊಂಡರು. ಕಲ್ಲಿಗೆ ನಂಬರ್ ಹಾಕಿ, ಹಡಗಿನಲ್ಲಿ ಪನಾಮಾ ಕಾಲುವೆ ದಾಟಿಸಿ, ಲಾರಿಯಲ್ಲಿ ಮರುಭೂಮಿಗೆ ತಂದರು. ಕಾಂಕ್ರೀಟಿನ ಹಂದರ ಕಟ್ಟಿ ಅದರ ಮೇಲೆ ಈ ಕಲ್ಲು ಜೋಡಿಸಿದರು. @ಪೇಡೆ ಪ್ರಿಯ ಅವರೇ, ಇಲ್ಲೂ ಮುಖವಾಡ.

ತಮಾಷೆ ಅಂದರೆ, ಕಟ್ಟುವಾಗ ಕೆಳಗೆ ನೀರೇ ಇರಲಿಲ್ಲ. ಒಣ ನೆಲದ ಮೇಲೆ ಸೇತುವೆ ಕಟ್ಟಿ, ಆಮೇಲೆ ಅದರಡಿ ಕಾಲುವೆ ತೋಡಿ ನೀರು ಬಿಟ್ಟರು. ಊರಿನ ಹೆಸರು ಲೇಕ್ ಹವಾಸು ಸಿಟಿ. ನಾನು ನೋಡಿದ್ದು ಜುಲೈನಲ್ಲಿ. ಆ ಬಿಸಿಲಲ್ಲಿ ಲಂಡನ್ನಿನ ಕಲ್ಲು ಮುಟ್ಟಿದರೆ ಕಾವಲಿ ಮುಟ್ಟಿದ ಹಾಗೆ. ಚಳಿ ಮಳೆಗೆ ಒಗ್ಗಿದ ಕಲ್ಲಿಗೆ ಎಂಥ ಗತಿ ಅಂತ ಅನಿಸಿತು.

ಕಡಲತಡಿ

ಅವರು ಟವರ್ ಬ್ರಿಡ್ಜ್ ಅಂದುಕೊಂಡು ತಪ್ಪಿ ಕೊಂಡದ್ದಂತಲ್ಲ ಮಾರಾಯ್ರೆ?

ಇತಿಹಾಸದ ಮೇಷ್ಟ್ರು

ಅದು ಕಟ್ಟುಕಥೆ. ಕೊಂಡವರೂ ಅಲ್ಲ ಅಂದರು, ಮಾರಿದವರೂ ಅಲ್ಲ ಅಂದರು. ಆದರೆ ಕಥೆ ರುಚಿಯಾಗಿದೆ, ಹಾಗಾಗಿ ಸಾಯಲ್ಲ. ಈಗಿನ ಕಾಂಕ್ರೀಟು ಸೇತುವೆ 1973ರದ್ದು.

ಸಿಮೆಂಟು ಮೂಟೆ

ಈಗ ನನ್ನ ಮೆಚ್ಚಿನದು, ಮಿಲೇನಿಯಂ ಬ್ರಿಡ್ಜ್. ಸೇಂಟ್ ಪಾಲ್ಸ್ ಚರ್ಚಿನ ನೇರಕ್ಕೆ, ನಡೆಯುವವರಿಗೆ ಮಾತ್ರ. ತೂಗು ಸೇತುವೆ. ಆದರೆ ಕೇಬಲ್ಲುಗಳನ್ನು ಮೇಲೆತ್ತದೆ ಪಕ್ಕಕ್ಕೆ ಚಾಚಿದ್ದಾರೆ, ಕಣ್ಣಿಗೆ ಏನೂ ಅಡ್ಡ ಬರಲ್ಲ.

2000ದ ಜೂನ್ 10ರಂದು ತೆರೆದರು. ಜನ ನುಗ್ಗಿದರು. ಸೇತುವೆ ಎಡಕ್ಕೂ ಬಲಕ್ಕೂ ತೂಗಾಡತೊಡಗಿತು. ಎರಡೇ ದಿನಕ್ಕೆ ಬಾಗಿಲು ಹಾಕಿದರು. ಮತ್ತೆ ತೆರೆದದ್ದು 2002ರ ಫೆಬ್ರವರಿಯಲ್ಲಿ.

ಆದದ್ದೇನು ಅಂದರೆ, ನಾವು ನಡೆಯುವಾಗ ಕಾಲು ನೆಲವನ್ನು ಕೆಳಕ್ಕೆ ಮಾತ್ರ ಒತ್ತಲ್ಲ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸ್ವಲ್ಪ ತಳ್ಳುತ್ತದೆ. ಸೆಕೆಂಡಿಗೆ ಎರಡು ಹೆಜ್ಜೆ ಅಂದರೆ ಅಡ್ಡ ತಳ್ಳಾಟ ಸೆಕೆಂಡಿಗೆ ಒಂದು ಸುತ್ತು. ಸೇತುವೆಯ ಸಹಜ ಓಲಾಟವೂ ಅದಕ್ಕೆ ಹತ್ತಿರವಿತ್ತು. ನೆಲ ಸ್ವಲ್ಪ ಅಲ್ಲಾಡಿತು. ಬೀಳಬಾರದು ಅಂತ ಜನ ಕಾಲು ಅಗಲಿಸಿ ಅದರ ತಾಳಕ್ಕೆ ಹೆಜ್ಜೆ ಹಾಕಿದರು. ಹೆಜ್ಜೆ ಕೂಡಿದಷ್ಟೂ ಓಲಾಟ ಜಾಸ್ತಿ, ಓಲಾಟ ಜಾಸ್ತಿಯಾದಷ್ಟೂ ಹೆಜ್ಜೆ ಕೂಡುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ. ಆಮೇಲೆ ಜನರನ್ನು ನಡೆಸಿ ಪರೀಕ್ಷೆ ಮಾಡಿದಾಗ, ಸುಮಾರು ನೂರೈವತ್ತು ಜನರವರೆಗೆ ಸುಮ್ಮನಿದ್ದ ಸೇತುವೆ ಇನ್ನು ಹತ್ತು ಜನ ಸೇರುತ್ತಲೇ ತೂಗಾಡಿತಂತೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಒಳ್ಳೆ ಪಾಠ ನಾನು ಕಂಡಿಲ್ಲ. ಭಾರ ಲೆಕ್ಕ ಹಾಕಿದರೆ ಸಾಲದು, ನಡಿಗೆಯ ಲೆಕ್ಕವೂ ಬೇಕು.

ಸರಿಪಡಿಸಲು ಸುಮಾರು 50 ಲಕ್ಷ ಪೌಂಡ್ ಹೋಯಿತು. ಸ್ಕೂಟರಿನ ಶಾಕ್ ಅಬ್ಸಾರ್ಬರ್ ಥರದ 37 ಡ್ಯಾಂಪರ್, ತೂಕ ಕಟ್ಟಿದ 52 ಡ್ಯಾಂಪರ್. ಹೆಚ್ಚಿನವು ಸೇತುವೆಯ ಅಡಿಯಲ್ಲಿವೆ. ಇಲ್ಲಿನವರು ಇನ್ನೂ "ತೂಗಾಡೋ ಸೇತುವೆ" ಅಂತಲೇ ಕರೆಯುತ್ತಾರೆ. ಈಗ ಒಂದಿಷ್ಟೂ ಅಲ್ಲಾಡಲ್ಲ, ಹೆಸರು ಮಾತ್ರ ಅಂಟಿಕೊಂಡಿದೆ.

ಲಂಡನ್ನಿನ ಹಳಬ

ಅದೇ ಸೇತುವೆಗೆ 2023ರಲ್ಲಿ ಹುಲ್ಲಿನ ಕಂತೆ ನೇತುಹಾಕಿದ್ದರು. ಅಡಿಯಲ್ಲಿ ರಿಪೇರಿ ನಡೆದು ದೋಣಿ ಹೋಗುವ ಎತ್ತರ ಕಡಿಮೆಯಾದರೆ, ಎಚ್ಚರಿಕೆಗೆ ಹಗಲು ಹುಲ್ಲಿನ ಕಂತೆ, ರಾತ್ರಿ ಬಿಳಿ ದೀಪ ಕಟ್ಟಬೇಕು ಅನ್ನೋದು ಹಳೇ ಕಾಲದ ನಿಯಮ. ಯಾರೂ ರದ್ದು ಮಾಡಿಲ್ಲ. ಗಾಜು ಉಕ್ಕಿನ ಊರಿನ ನಡುವೆ ನಮ್ಮ ಬಣವೆಯಿಂದ ಕಿತ್ತು ತಂದ ಹಾಗೆ ಒಂದು ಕಂತೆ ತೂಗುತ್ತಿತ್ತು. ದನ ಇಲ್ಲ ಅಷ್ಟೇ.

ಬಾರ್ನ್ಸ್ ವಾಸಿ

ನೀವೆಲ್ಲ ನಡುಪೇಟೆಯ ಸೇತುವೆಗಳ ಬಗ್ಗೆಯೇ ಮಾತಾಡುತ್ತೀರಿ. ನಮ್ಮ ಹ್ಯಾಮರ್‌ಸ್ಮಿತ್ ಸೇತುವೆ ಕೇಳೋರಿಲ್ಲ.

1887ರದ್ದು. ಲಂಡನ್ನಿಗೆ ಒಳಚರಂಡಿ ಕಟ್ಟಿಕೊಟ್ಟ ಜೋಸೆಫ್ ಬಾಜಲ್‌ಗೆಟ್ ಅವರದೇ ವಿನ್ಯಾಸ. ಹಸಿರು ಮೈಗೆ ಚಿನ್ನದ ಅಂಚು, ರೇಷ್ಮೆ ಸೀರೆ ಹಾಗೆ. ಎರಕದ ಕಬ್ಬಿಣದಲ್ಲಿ ಬಿರುಕು ಕಂಡು 2019ರ ಏಪ್ರಿಲ್‌ನಲ್ಲಿ ವಾಹನ ನಿಲ್ಲಿಸಿದರು. 2020ರ ಆಗಸ್ಟಿನ ಬಿಸಿಲಿಗೆ ಬಿರುಕು ದೊಡ್ಡದಾಗಿ ನಡೆಯುವವರಿಗೂ ಬಂದ್, ಅಡಿಯಲ್ಲಿ ದೋಣಿಗೂ ಬಂದ್. 2021ರ ಜುಲೈನಲ್ಲಿ ನಡೆಯುವವರಿಗೆ, ಸೈಕಲ್ಲಿಗೆ ಬಿಟ್ಟರು. ಮರುವರ್ಷ ಬಿಸಿಲು ಬಂದಾಗ ಸರಪಳಿಗೆ ಬೆಳ್ಳಿ ಹಾಳೆ ಸುತ್ತಿದರು, ಚಪಾತಿ ಕಟ್ಟಿಕೊಡುವ ಹಾಳೆಯ ಥರ. ಬಸ್ಸು, ಕಾರು ಮಾತ್ರ ಇವತ್ತಿಗೂ ಇಲ್ಲ. ಮೊದಲು ಹತ್ತು ನಿಮಿಷಕ್ಕೆ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಡುತ್ತಿದ್ದೆ, ಈಗ ಸುತ್ತಿಕೊಂಡು ಮುಕ್ಕಾಲು ಗಂಟೆ.

ಮೇಷ್ಟ್ರು ಹೇಳಿದ ಇನಾಮು ನಮ್ಮ ಸೇತುವೆಗಿಲ್ಲ. ಅದೇ ವ್ಯತ್ಯಾಸ. ಆ ಐದಕ್ಕೆ ಅಪ್ಪನ ಆಸ್ತಿ ಇದೆ, ಇದಕ್ಕೆ ಖರ್ಚು ಯಾರು ಕೊಡಬೇಕು ಅನ್ನೋ ಜಗಳ ಮಾತ್ರ ಇದೆ.

ತುಂಗೆದಂಡೆ

ಅಯ್ಯೋ. ಅದನ್ನೂ ನೋಡಬೇಕು ಅನಿಸುತ್ತಿದೆ. ಒಂದು ದಿನ ಸಾಲಲ್ಲ ಅಲ್ವಾ?

ಕಡಲತಡಿ

ಸಾಲುದಿಲ್ಲ. ನಾನು ನಾಲ್ಕು ದಿನ ದಂಡೆಯಲ್ಲೇ ಕಳೆದೆ. ಮೊದಲ ದಿನ ಬೆಳಗ್ಗೆ ತುಂಬಿ ತುಳುಕುವ ಹೊಳೆ ಕಂಡೆ. ಮಧ್ಯಾಹ್ನ ಬಂದರೆ ನೀರೇ ಇಲ್ಲ, ಕಲ್ಲು ಮಣ್ಣಿನ ತೀರ! ಕಡಲಿನ ಉಬ್ಬರ ಇಳಿತ ಪೇಟೆಯೊಳಗೇ ಬರುತ್ತದೆ, ಏಳು ಮೀಟರ್‌ವರೆಗೆ ಏರುತ್ತದಂತೆ. ನಮ್ಮ ಅಳಿವೆ ನೆನಪಾಯಿತು.

ಬ್ಲ್ಯಾಕ್‌ಫ್ರಾಯರ್ಸ್ ರಸ್ತೆ ಸೇತುವೆಯನ್ನು ದೂರದಿಂದ ನೋಡಿ ಮುಂದೆ ಹೋಗಬೇಡಿ. 1869ರದ್ದು. ಕಂಬದ ಮೇಲೆ ಹಕ್ಕಿಗಳನ್ನು ಕೆತ್ತಿದ್ದಾರೆ. ಕಡಲಿನ ಕಡೆಯ ಮುಖದಲ್ಲಿ ಕಡಲ ಹಕ್ಕಿಗಳು, ಊರೊಳಗಿನ ಕಡೆಯ ಮುಖದಲ್ಲಿ ಸಿಹಿನೀರಿನ ಹಕ್ಕಿಗಳು. ಎಂಥ ಚಂದದ ಆಲೋಚನೆ ನೋಡಿ. ಸೇತುವೆಯೇ ಹೇಳುತ್ತದೆ, ಇತ್ತ ಉಪ್ಪು, ಅತ್ತ ಸಿಹಿ ಅಂತ. ನಾನು ಹೋದ ಟೂರಿನ ಗೈಡ್ ಒಂದು ಮಾತೂ ಹೇಳಲಿಲ್ಲ, ಪಕ್ಕದ ಹೋಟೆಲಿನ ಬಿಲ್ಲಿನ ಬಗ್ಗೆಯೇ ಮಾತಾಡಿದ.

ಪಕ್ಕದಲ್ಲೇ ರೈಲು ಸೇತುವೆ ಮೇಲೆ ಸ್ಟೇಷನ್ ಇದೆ, ಮಾಡಿನ ತುಂಬ ಸೋಲಾರ್. ಹಳೇ ರೈಲು ಸೇತುವೆಯ ಕೆಂಪು ಕಂಬಗಳು ಮಾತ್ರ ನೀರಲ್ಲಿ ಸಾಲಾಗಿ ನಿಂತಿವೆ, ಹೊರಲು ಏನೂ ಇಲ್ಲದೆ.

ಇತಿಹಾಸದ ಮೇಷ್ಟ್ರು

ವಾಟರ್‌ಲೂ ಸೇತುವೆಯನ್ನು ಅಮ್ಮನಿಗೆ ತೋರಿಸಲೇಬೇಕು. ಅಲಂಕಾರ ಇಲ್ಲ, ನೇರ ಗೆರೆ. ಎರಡನೇ ಮಹಾಯುದ್ಧದ ನಡುವೆ ಕಟ್ಟಿದ್ದು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರು. ಕಲ್ಲು ಕೆಲಸ, ವೆಲ್ಡಿಂಗ್ ಎಲ್ಲದಕ್ಕೂ ಹೆಂಗಸರು ಬಂದರು. 1945ರಲ್ಲಿ ಉದ್ಘಾಟನೆಯ ಭಾಷಣದಲ್ಲಿ ಸಚಿವ ಹರ್ಬರ್ಟ್ ಮಾರಿಸನ್ ಕಟ್ಟಿದ ಗಂಡಸರನ್ನು ಹೊಗಳಿದರು. ಹೆಂಗಸರ ಹೆಸರೇ ಬರಲಿಲ್ಲ. ದೋಣಿ ನಡೆಸುವವರ ಬಾಯಲ್ಲಿ ಮಾತ್ರ "ಹೆಂಗಸರ ಸೇತುವೆ" ಅನ್ನೋ ಮಾತು ಉಳಿಯಿತು. ಎಷ್ಟೋ ವರ್ಷದ ಮೇಲೆ ಇತಿಹಾಸಕಾರ್ತಿ ಕ್ರಿಸ್ಟೀನ್ ವಾಲ್ ವೆಲ್ಡಿಂಗ್ ಮಾಡುತ್ತಿದ್ದ ಹೆಂಗಸರ ಫೋಟೋಗಳನ್ನು ಹುಡುಕಿ ತೆಗೆದರು.

ವಿನ್ಯಾಸ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರದು. ಕೆಂಪು ಟೆಲಿಫೋನ್ ಡಬ್ಬಿಯೂ ಅವರದೇ. ಮೈಗೆ ಹಾಕಿದ ಪೋರ್ಟ್‌ಲ್ಯಾಂಡ್ ಕಲ್ಲು ಮಳೆ ಬಂದಾಗ ತನ್ನಷ್ಟಕ್ಕೆ ತೊಳೆದುಕೊಂಡು ಬೆಳ್ಳಗಾಗುತ್ತದೆ. ಮನೆಗೆಲಸ ಮಾಡಿ ಗೊತ್ತಿರುವವರು ಕಟ್ಟಿದ್ದಲ್ವಾ ಅಂತ ನಮ್ಮ ಮನೆಯವಳು ನಕ್ಕಳು.

ಪೇಡೆ ಪ್ರಿಯ

ಇಷ್ಟು ಹೇಳಿದಿರಿ, ಬಸವಣ್ಣನನ್ನೇ ಮರೆತಿರಲ್ರೀ! ಲ್ಯಾಂಬೆತ್ ಸೇತುವೆ ಹತ್ತಿರ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ ಬಸವೇಶ್ವರರ ಪ್ರತಿಮೆ ಇದೆ. ನದಿ ಆಚೆಗೆ ಪಾರ್ಲಿಮೆಂಟು. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲ್ ಮುಂದೆ ನಿಂತು ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗದಿದ್ದರೆ ನಾನು ಮಾತಾಡಂಗಿಲ್ಲ.

ಲಂಡನ್ನಿನ ಹಳಬ

ನಾನೇ ಕೊನೆಗೆ ಹೇಳೋಣ ಅಂತ ಇಟ್ಟುಕೊಂಡಿದ್ದೆ, ಕಸಿದುಕೊಂಡಿರಿ.

ಅಲ್ಲಿ ನಿಂತರೆ ಒಂದು ಆಟ ಆಡಬಹುದು. ಲ್ಯಾಂಬೆತ್ ಸೇತುವೆಯ ಬಣ್ಣ ಕೆಂಪು, ಯಾಕೆಂದರೆ ಪಾರ್ಲಿಮೆಂಟಿನ ಆ ತುದಿಯಲ್ಲಿರುವ ಲಾರ್ಡ್‌ಗಳ ಸಭೆಯ ಸೀಟು ಕೆಂಪು. ಇನ್ನೊಂದು ತುದಿಯ ವೆಸ್ಟ್‌ಮಿನ್‌ಸ್ಟರ್ ಸೇತುವೆ ಹಸಿರು, ಯಾಕೆಂದರೆ ಕಾಮನ್ಸ್ ಸಭೆಯ ಸೀಟು ಹಸಿರು. ಲ್ಯಾಂಬೆತ್ ತುದಿಯ ಕಂಬಗಳ ಮೇಲೆ ಕಲ್ಲಿನ ಕಾಯಿಗಳಿವೆ. ಅನಾನಸ್ಸು ಅಂತ ಕೆಲವರು, ಪೈನ್ ಮರದ ಕಾಯಿ ಅಂತ ಕೆಲವರು. ನನ್ನ ಓಟು ಪೈನ್‌ಗೆ.

ಅಲ್ಲಿಂದ ದಂಡೆ ಹಿಡಿದು ಮೇಲಕ್ಕೆ ನಡೆದರೆ ವಾಕ್ಸ್‌ಹಾಲ್ ಸೇತುವೆ, 1906ರದ್ದು. ದಿನಾ ಸಾವಿರಾರು ಜನ ದಾಟುತ್ತಾರೆ, ಕಂಬಗಳಲ್ಲಿ ಎಂಟು ದೊಡ್ಡ ಕಂಚಿನ ಹೆಂಗಸರು ನಿಂತಿರುವುದು ಬಹಳ ಜನಕ್ಕೆ ಗೊತ್ತಿಲ್ಲ. ಮೇಲೆ ನಡೆಯುವವರಿಗೆ ಕಾಣಲ್ಲ. ಕಟ್ಟೆ ಮೇಲಿಂದ ಬಗ್ಗಬೇಕು, ಇಲ್ಲವೇ ದೋಣಿಯಲ್ಲಿ ಹೋಗಬೇಕು. ಹೊಳೆ ಹರಿದುಬರುವ ಬದಿಯಲ್ಲಿರುವ ಒಬ್ಬಳು ಕೈಯಲ್ಲಿ ಪುಟ್ಟ ಸೇಂಟ್ ಪಾಲ್ಸ್ ಚರ್ಚನ್ನೇ ಹಿಡಿದಿದ್ದಾಳೆ.

ಸಂಜೆ ಕಾಲು ಉಳಿದಿದ್ದರೆ ಚೆಲ್ಸಿ ಹತ್ತಿರದ ಆಲ್ಬರ್ಟ್ ಸೇತುವೆ. 1873ರದ್ದು, ತಿಳಿ ಗುಲಾಬಿ ಬಣ್ಣ, ಮೈತುಂಬ ದೀಪ. ಸೈನಿಕರು ಹೆಜ್ಜೆ ಕೂಡಿಸಿ ನಡೆಯಬಾರದು ಅಂತ ಹಳೇ ಬೋರ್ಡು ಇನ್ನೂ ಇದೆ.

ಸಿಮೆಂಟು ಮೂಟೆ

ಆ ಬೋರ್ಡು ಸುಮ್ನೆ ಹಾಕಿದ್ದಲ್ಲ. 1831ರಲ್ಲಿ ಮ್ಯಾಂಚೆಸ್ಟರ್ ಹತ್ತಿರದ ಬ್ರೌಟನ್‌ನಲ್ಲಿ ಸೈನಿಕರ ಹೆಜ್ಜೆಗೆ ತೂಗು ಸೇತುವೆಯೇ ಬಿದ್ದಿತ್ತು. ಅದು ಕೆಳಮೇಲಿನ ಕುಣಿತ, ಮಿಲೇನಿಯಂನದು ಅಡ್ಡ ಓಲಾಟ. ಬೋರ್ಡು ಇದ್ದೂ ಪಾಠ ಅರ್ಧವೇ ಕಲಿತಿದ್ದೆವು.

ತುಂಗೆದಂಡೆ

ಹೋಗಿ ಬಂದೆವು! ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಬೆಳಗ್ಗೆ ಟವರ್ ಬ್ರಿಡ್ಜ್ ಏಳುವ ಹೊತ್ತಿಗೆ ಸರಿಯಾಗಿ ಹೋದೆವು. ಗೇಟು ಬಿತ್ತು, ಬಸ್ಸುಗಳು ನಿಂತವು. ರಸ್ತೆ ಮಧ್ಯದಲ್ಲಿ ಒಂದು ಗೆರೆ ಬಿರಿಯಿತು. ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಕಂದು ಹಾಯಿಯ ಒಂದೇ ಒಂದು ದೋಣಿ ಬಂತು, ಮೇಲೆ ನಾಲ್ಕೈದು ಜನ, ಒಬ್ಬರು ಟೀ ಕುಡಿಯುತ್ತಿದ್ದರು. ಇಷ್ಟು ದೊಡ್ಡ ಸೇತುವೆ ಎದ್ದದ್ದು ಅವರಿಗಾಗಿ. ಅಮ್ಮನಿಗೆ ಅದೇ ಬಹಳ ಹಿಡಿಸಿತು. "ನಮ್ಮೂರಲ್ಲಿ ಮಂತ್ರಿ ಬಂದ್ರೆ ಎಲ್ಲರನ್ನೂ ನಿಲ್ಲಿಸ್ತಾರೆ, ಇಲ್ಲಿ ಟೀ ಕುಡಿಯೋನು ಬಂದ್ರೆ ನಿಲ್ಲಿಸ್ತಾರೆ" ಅಂದರು. ಗಾಜಿನ ನೆಲದ ಮೇಲೆ ಚಪ್ಪಲಿ ಬಿಟ್ಟು ಹೋಗಬೇಕಾ ಅಂತ ಕೇಳಿದರು. ಬೇಡ ಅಂದರೂ ಅಂಚಿನಲ್ಲೇ ನಡೆದರು.

ಸೇಂಟ್ ಮ್ಯಾಗ್ನಸ್‌ನಲ್ಲಿ ಮಾದರಿ ಮುಂದೆ ಮುಕ್ಕಾಲು ಗಂಟೆ. "ಇಷ್ಟು ಮನೆಯವರ ಬಚ್ಚಲ ನೀರೆಲ್ಲ ಎಲ್ಲಿಗೆ ಹೋಗ್ತಿತ್ತು?" ಅಂತ ಕೇಳಿದರು. ಹೊಳೆಗೇ ಅಮ್ಮ, ಇನ್ನೆಲ್ಲಿಗೆ.

ಬ್ಲ್ಯಾಕ್‌ಫ್ರಾಯರ್ಸ್ ಹಕ್ಕಿಗಳು ಸಿಕ್ಕವು. ಎರಡೂ ಬದಿ ನೋಡಬೇಕು ಅಂತ ರಸ್ತೆ ದಾಟಿಸಿದರು, ಮಂಡಿ ನೋವು ಆಗ ನೆನಪೇ ಇರಲಿಲ್ಲ. ವಾಟರ್‌ಲೂ ಮೇಲೆ ಕಟ್ಟೆಯನ್ನು ಅಂಗೈಯಿಂದ ಸವರಿ ಏನೂ ಹೇಳಲಿಲ್ಲ.

ಅಲ್ಲಿಂದ ಬಸ್ಸಿನಲ್ಲಿ ಲ್ಯಾಂಬೆತ್. ಬಸವಣ್ಣನ ಹತ್ತಿರ ಇನ್ಯಾರೂ ಇರಲಿಲ್ಲ. ಅಮ್ಮ ಕೈಮುಗಿದು, ಬ್ಯಾಗಿನಿಂದ ತಮ್ಮನ ಮನೆಯಲ್ಲಿ ಮಾಡಿದ ಚಿತ್ರಾನ್ನದ ಡಬ್ಬಿ ತೆಗೆದರು. ಅಲ್ಲೇ ಬೆಂಚಿನ ಮೇಲೆ ಊಟ. ವಾಕ್ಸ್‌ಹಾಲಿನಲ್ಲಿ ನಾನು ಅವರ ಕೋಟು ಹಿಡಿದುಕೊಂಡೆ, ಅವರು ಬಗ್ಗಿದರು. ಕಂಡದ್ದು ಒಂದು ತಲೆ, ಒಂದು ಹೆಗಲು, ಪುಟ್ಟ ಗುಮ್ಮಟ. "ಪಾಪ, ನಿಂತು ನಿಂತು ಕಾಲು ನೋಯಲ್ವಾ ಅವಳಿಗೆ" ಅಂದರು.

ಆಲ್ಬರ್ಟ್‌ಗೆ ಹೋಗಲು ಆಗಲಿಲ್ಲ. ಹ್ಯಾಮರ್‌ಸ್ಮಿತ್‌ಗೂ ಇಲ್ಲ. @ಬಾರ್ನ್ಸ್ ವಾಸಿ, ಮುಂದಿನ ಸಲ.

@ಪೇಡೆ ಪ್ರಿಯ, ಟವರ್ ಬ್ರಿಡ್ಜಿನ ಮುಖವಾಡದ ಬಗ್ಗೆ ಅಮ್ಮನಿಗೆ ಹೇಳಿದೆ. "ಮದುವೆ ಚಪ್ಪರದ ಕಬ್ಬಿಣದ ಕಂಬಕ್ಕೆ ಬಾಳೆಕಂಬ ಕಟ್ಟಲ್ವಾ? ಅದನ್ನ ಯಾರಾದ್ರೂ ಮೋಸ ಅಂತಾರಾ?" ಅಂತ ಕೇಳಿದರು. ಉತ್ತರ ಕೊಡಿ.

ಪೇಡೆ ಪ್ರಿಯ

ಅಮ್ಮಾವ್ರಿಗೆ ನನ್ನ ನಮಸ್ಕಾರ ಹೇಳ್ರಿ. ಬಾಳೆಕಂಬ ಎರಡು ದಿನಕ್ಕೆ ಬಾಡುತ್ತದೆ, ತಾನು ಅಲಂಕಾರ ಅಂತ ತಾನೇ ಒಪ್ಪಿಕೊಳ್ಳುತ್ತದೆ. ಈ ಕಲ್ಲು ನೂರಾ ಮೂವತ್ತು ವರ್ಷದಿಂದ ಒಪ್ಪಿಕೊಂಡಿಲ್ಲ.

ಸುಳ್ಳೇ ರೀ ಅದು. ಆದರೆ ಬರುವ ಬೇಸಿಗೆಗೆ ಟಿಕೆಟ್ ಬುಕ್ ಮಾಡಿದ್ದೇನೆ.